ಮೋಡದ ಕೆಂಪಿನಿಂದ ತಾರೆಗಳ ಲೆಕ್ಕ: ಎನ್‌ಜಿಸಿ 604ನ್ನು ಬೆಳಗಿಸುವ ಬಿಸಿ ನಕ್ಷತ್ರಗಳನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಎಂ33 ಗ್ಯಾಲಕ್ಸಿಯ ಒಂದು ಒಳ್ಳೆಯ ಫೋಟೊದಲ್ಲಿ, ಅದರ ಕೇಂದ್ರದಿಂದ ಈಶಾನ್ಯಕ್ಕೆ ಸುಮಾರು 12 ಕಲಾ ನಿಮಿಷ (ಒಂದು ಡಿಗ್ರಿಗೆ 60 ಕಲಾ ನಿಮಿಷ, ಒಂದು ಕಲಾ ನಿಮಿಷಕ್ಕೆ 60 ಕಲಾ ಸೆಕೆಂಡ್) ದೂರದಲ್ಲಿ, ಕುಂಕುಮದ ಬೊಟ್ಟಿನಂಥ ಕೆಂಪು ಮಚ್ಚೆಯೊಂದು ಕಾಣುತ್ತದೆ. ಅದು ಎನ್‌ಜಿಸಿ 604. ವಿಲಿಯಂ ಹರ್ಷೆಲ್ 1784ರ ಸೆಪ್ಟೆಂಬರ್ 11ರಂದು ಇದನ್ನು ಗುರುತಿಸಿದಾಗ ಅದೊಂದು ಮಸುಕು ಚುಕ್ಕೆ ಅಷ್ಟೆ. ನಿಜದಲ್ಲಿ ಅದು ನಮ್ಮಿಂದ ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ, ಸುಮಾರು 1,500 ಜ್ಯೋತಿರ್ವರ್ಷ ಅಗಲದ ಅನಿಲದ ಮೋಡ. ಒಳಗೆ 200ಕ್ಕೂ ಹೆಚ್ಚು ದೈತ್ಯ ಬಿಸಿ ತಾರೆಗಳಿವೆ.

ಆ ತಾರೆಗಳನ್ನು ಹಿತ್ತಲಿನ ಟೆಲಿಸ್ಕೋಪಿನಿಂದ ಒಂದೊಂದಾಗಿ ನೋಡಲಾಗದು. ಅಷ್ಟು ದೂರದಲ್ಲಿ ಓ7 ವರ್ಗದ (ಅತಿ ಬಿಸಿ ತಾರೆಗಳದ್ದು ಓ ವರ್ಗ, ಸಂಖ್ಯೆ ಕಡಿಮೆಯಾದಷ್ಟೂ ಬಿಸಿ ಹೆಚ್ಚು) ಒಂದು ತಾರೆ ಸುಮಾರು 20ನೇ ಕಾಂತಿಮಾನಕ್ಕೆ (ಈ ಸಂಖ್ಯೆ ಹೆಚ್ಚಿದಷ್ಟೂ ತಾರೆ ಮಂಕು) ಇಳಿದಿರುತ್ತದೆ, ಸಾಲದ್ದಕ್ಕೆ ಸುತ್ತ ಮೋಡದ ಹೊಳಪು. ಅವು ಚೆಲ್ಲುವ ಬೆಳಕಿನ ಮುಖ್ಯ ಪಾಲು ಅತಿನೇರಳೆ. ಅದರಲ್ಲೂ ನಮಗೆ ಬೇಕಾದ ಭಾಗವನ್ನು ಹೈಡ್ರೋಜನ್ ದಾರಿಯಲ್ಲೇ ನುಂಗಿಬಿಡುತ್ತದೆ. ಆದರೂ ಒಂದು ಕೆಂಪು ಫಿಲ್ಟರ್, ಒಂದು ಕ್ಯಾಮೆರಾ, ಸ್ವಲ್ಪ ಲೆಕ್ಕ ಇದ್ದರೆ ಒಳಗಿನ ತಾರೆಗಳ ಒಟ್ಟು ಬಲವನ್ನು ಅಳೆಯಬಹುದು. ದೇವಸ್ಥಾನದ ಹೊರಗೆ ಬಿಟ್ಟ ಚಪ್ಪಲಿಗಳನ್ನು ಎಣಿಸಿ ಒಳಗೆ ಎಷ್ಟು ಜನ ಇದ್ದಾರೆಂದು ಹೇಳುವ ಉಪಾಯ ಇದು. ಬರಿಗಾಲಲ್ಲಿ ಬಂದವರು ಲೆಕ್ಕ ತಪ್ಪುತ್ತಾರೆ, ಪಕ್ಕದ ಅಂಗಡಿಯವರ ಚಪ್ಪಲಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಕೆಳಗಿನ ಹಂತಗಳಲ್ಲಿ ಅರ್ಧಕ್ಕರ್ಧ ಈ ಎರಡು ತಪ್ಪುಗಳನ್ನು ತಡೆಯುವುದಕ್ಕೇ ಮೀಸಲು.

ಮೊದಲು ಮೋಡ ಹೊಳೆಯುವ ಬಗೆ

ಓ ವರ್ಗದ ತಾರೆಯ ಮೇಲ್ಮೈ ಉಷ್ಣತೆ 30,000 ಕೆಲ್ವಿನ್‌ಗಿಂತ ಮೇಲೆ, ಕೆಲವದ್ದು 45,000ದ ಹತ್ತಿರ. ಇಂಥ ತಾರೆಯಿಂದ 91.2 ನ್ಯಾನೋಮೀಟರ್‌ಗಿಂತ ಗಿಡ್ಡ ಅಲೆಯ ಫೋಟಾನ್‌ಗಳು ಹೇರಳವಾಗಿ ಹೊರಬೀಳುತ್ತವೆ. ಅಂಥ ಒಂದೊಂದರಲ್ಲೂ 13.6 ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು ಶಕ್ತಿಯಿದೆ, ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯಲು ಅಷ್ಟು ಸಾಕು. ಕಿತ್ತು ಹೋದ ಎಲೆಕ್ಟ್ರಾನ್ ಎಂದಾದರೊಮ್ಮೆ ಇನ್ನೊಂದು ಪ್ರೋಟಾನಿಗೆ ಸಿಕ್ಕಿ, ಮೆಟ್ಟಿಲಿಳಿದಂತೆ ಕೆಳಗಿಳಿಯುತ್ತದೆ. ಮೂರನೇ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿದಾಗ 656.3 ನ್ಯಾನೋಮೀಟರ್‌ನ ಕೆಂಪು ಬೆಳಕು ಹೊರಡುತ್ತದೆ. ಇದನ್ನೇ ಎಚ್-ಆಲ್ಫಾ ಎನ್ನುವುದು.

ಅನಿಲ ಸಮತೋಲದಲ್ಲಿದ್ದರೆ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆಯೋ ಅಷ್ಟೇ ಕೂಡುತ್ತವೆ. ಸುಮಾರು 10,000 ಕೆಲ್ವಿನ್ ಅನಿಲದಲ್ಲಿ, ಪ್ರತಿ 100 ಕೂಡಿಕೆಗೆ ಸುಮಾರು 45 ಎಚ್-ಆಲ್ಫಾ ಫೋಟಾನ್‌ಗಳು ಹುಟ್ಟುತ್ತವೆ. ಈ ಅನುಪಾತ ಅನಿಲದ ಸಾಂದ್ರತೆ ಬದಲಾದರೂ ಹೆಚ್ಚೇನೂ ಅಲುಗಾಡುವುದಿಲ್ಲ, ಇಡೀ ವಿಧಾನ ನಿಂತಿರುವುದು ಆ ಸ್ಥಿರತೆಯ ಮೇಲೆ. ಕೆಂಪು ಫೋಟಾನ್‌ಗಳನ್ನು ಎಣಿಸಿ ಕಾಣದ ಅತಿನೇರಳೆಯನ್ನು ಅಂದಾಜು ಮಾಡುವ ಈ ದಾರಿಯನ್ನು 1927ರಲ್ಲಿ ತೋರಿಸಿದವರು ಡಚ್ ಖಗೋಳವಿಜ್ಞಾನಿ ಹರ್ಮನ್ ಝಾನ್‌ಸ್ಟ್ರಾ. ಅದಕ್ಕೂ ಏಳು ವರ್ಷ ಮೊದಲೇ ನಮ್ಮ ಮೇಘನಾದ ಸಹಾ, ಬಿಸಿಗೂ ಅಯಾನೀಕರಣಕ್ಕೂ ಇರುವ ನಂಟನ್ನು ಸಮೀಕರಣವಾಗಿ ಬರೆದಿದ್ದರು. ಅದು ತಾರೆಯ ವಾತಾವರಣದಂಥ ದಟ್ಟ ಅನಿಲಕ್ಕೆ ಒಪ್ಪುವ ಸಮೀಕರಣ. ಈ ತೆಳು ಮೋಡಕ್ಕೆ ಅದನ್ನು ನೇರವಾಗಿ ಹಾಕಿದರೆ ಉತ್ತರ ತಪ್ಪುತ್ತದೆ. ಪರೀಕ್ಷೆಗೆ ಓದುವವರು ಎಡವುವುದು ಇಲ್ಲೇ.

ಹಂತ 1: ಕಾಲ, ಜಾಗ, ಸಲಕರಣೆ

ಎಂ33 ಮಧ್ಯರಾತ್ರಿ ನೆತ್ತಿಗೆ ಬರುವುದು ಅಕ್ಟೋಬರ್ ಮಧ್ಯದಲ್ಲಿ. ಕರ್ನಾಟಕದಲ್ಲಿ ಆಗಿನ್ನೂ ಹಿಂಗಾರು ಮಳೆಯ ಗಲಾಟೆ. ಆದ್ದರಿಂದ ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗಿನ ಅಮಾವಾಸ್ಯೆಯ ಆಸುಪಾಸನ್ನು ಆರಿಸಿಕೊಳ್ಳಿ. ಡಿಸೆಂಬರ್ ಆರಂಭದಲ್ಲಿ ಅದು ರಾತ್ರಿ 9 ಗಂಟೆ ದಾಟಿದ ಮೇಲೆ ಅತಿ ಎತ್ತರದಲ್ಲಿರುತ್ತದೆ, ಬೆಂಗಳೂರಿನ ಅಕ್ಷಾಂಶದಲ್ಲಿ ಸುಮಾರು 72 ಡಿಗ್ರಿ. ಹುಡುಕುವ ಸುಲಭ ದಾರಿ: ದೇವಯಾನಿ ಗ್ಯಾಲಕ್ಸಿಯಿಂದ ಮಿರಾಕ್ ತಾರೆಗೆ ಎಷ್ಟು ದೂರವೋ, ಮಿರಾಕ್‌ನಿಂದ ಅದೇ ದಿಕ್ಕಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಮುಂದಕ್ಕೆ ಹೋಗಿ.

ಕೆಲಸಕ್ಕೆ ಸಾಕಾಗುವ ಒಂದು ಜೋಡಣೆ: 8 ಇಂಚಿನ ಎಫ್/4 ನ್ಯೂಟೋನಿಯನ್ ಟೆಲಿಸ್ಕೋಪ್ (ನಾಭಿದೂರ 800 ಮಿ.ಮೀ.), 3.76 ಮೈಕ್ರಾನ್ ಪಿಕ್ಸೆಲ್‌ನ ತಣಿಸುವ ಮೋನೋ ಕ್ಯಾಮೆರಾ, ಎಚ್-ಆಲ್ಫಾ ಫಿಲ್ಟರ್, ಒಂದು ಅಗಲವಾದ ಕೆಂಪು ಫಿಲ್ಟರ್, ಗೈಡಿಂಗ್ ಇರುವ ಈಕ್ವಟೋರಿಯಲ್ ಮೌಂಟ್ (ತಾರೆಗಳ ಜೊತೆಗೇ ಟೆಲಿಸ್ಕೋಪನ್ನು ತಿರುಗಿಸುವ ಪೀಠ). ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಜಾಗ ನೋಡುತ್ತದೆ ಎಂದು ತಿಳಿಯಲು 206.265ನ್ನು ಪಿಕ್ಸೆಲ್‌ನ ಮೈಕ್ರಾನ್ ಅಳತೆಯಿಂದ ಗುಣಿಸಿ, ಮಿ.ಮೀ.ನಲ್ಲಿರುವ ನಾಭಿದೂರದಿಂದ ಭಾಗಿಸಿ. ಇಲ್ಲಿ ಬರುವುದು 0.97 ಕಲಾ ಸೆಕೆಂಡ್. ಎನ್‌ಜಿಸಿ 604 ಸುಮಾರು 2 ಕಲಾ ನಿಮಿಷ ಅಗಲ ಇರುವುದರಿಂದ ಅದು 120 ಪಿಕ್ಸೆಲ್ ತುಂಬುತ್ತದೆ. ಅಳತೆಗೆ ಇಷ್ಟು ಧಾರಾಳ. ಎಪಿಎಸ್-ಸಿ ಗಾತ್ರದ ಸೆನ್ಸರ್ ಆದರೆ ಇಡೀ ಎಂ33 ಹಿಡಿಸಿ, ಅಂಚಿನಲ್ಲಿ ಖಾಲಿ ಆಕಾಶವೂ ಉಳಿಯುತ್ತದೆ. ಆ ಖಾಲಿ ಜಾಗ ಮುಂದೆ ಬೇಕಾಗುತ್ತದೆ. ಬಣ್ಣದ ಕ್ಯಾಮೆರಾ ಬಳಸಬಹುದು, ಆದರೆ ಎಚ್-ಆಲ್ಫಾ ಬೀಳುವುದು ನಾಲ್ಕರಲ್ಲಿ ಒಂದು ಪಿಕ್ಸೆಲ್ ಮೇಲೆ. ಸಂಕೇತಕ್ಕೆ ಹೊಡೆತ.

ಟೆಲಿಸ್ಕೋಪ್ ಇಲ್ಲದವರಿಗೂ ದಾರಿಯಿದೆ. ಅಮೆರಿಕದ ಕಿಟ್ ಪೀಕ್‌ನ 4 ಮೀಟರ್ ಮೇಯಾಲ್ ಟೆಲಿಸ್ಕೋಪಿನಿಂದ ಮಾಡಿದ ಲೋಕಲ್ ಗ್ರೂಪ್ (ನಮ್ಮ ನೆರೆಹೊರೆಯ) ಗ್ಯಾಲಕ್ಸಿಗಳ ಸಮೀಕ್ಷೆಯ ಎಂ33 ಚಿತ್ರಗಳು, ಎಚ್-ಆಲ್ಫಾ ಸೇರಿದಂತೆ, ಸಾರ್ವಜನಿಕವಾಗಿ ಸಿಗುತ್ತವೆ. ಅವುಗಳನ್ನು ಬಳಸುವುದಾದರೆ ನೇರವಾಗಿ 4ನೇ ಹಂತಕ್ಕೆ ಹೋಗಿ.

ಹಂತ 2: ಫಿಲ್ಟರ್ ಆಯ್ಕೆ (ಇಲ್ಲಿ ಅವಸರ ಬೇಡ)

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 3 ನ್ಯಾನೋಮೀಟರ್ ಮತ್ತು 7 ನ್ಯಾನೋಮೀಟರ್ ಅಗಲದವು. ಎರಡಕ್ಕೂ ಒಂದೊಂದು ತೊಂದರೆ ಇದೆ, ಎರಡೂ ತಾರೆಗಳ ಲೆಕ್ಕವನ್ನು ಕೆಡಿಸುವಂಥವೇ.

7 ನ್ಯಾನೋಮೀಟರ್ ಫಿಲ್ಟರಿನೊಳಗೆ ಎಚ್-ಆಲ್ಫಾ ಜೊತೆಗೆ ಸಾರಜನಕದ ಎರಡು ರೇಖೆಗಳೂ (ಅಂದರೆ 654.8 ಮತ್ತು 658.4 ನ್ಯಾನೋಮೀಟರ್ ಬೆಳಕು) ನುಸುಳುತ್ತವೆ. ಪಕ್ಕದ ಅಂಗಡಿಯವರ ಚಪ್ಪಲಿ ಎಂದದ್ದು ಇದನ್ನೇ. ಎನ್‌ಜಿಸಿ 604ರಲ್ಲಿ ಸಾರಜನಕದ ಪಾಲು ಕಡಿಮೆ, ಹತ್ತರಲ್ಲಿ ಒಂದು ಭಾಗದ ಆಸುಪಾಸು. ಲೋಹಾಂಶ (ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದ ಧಾತುಗಳು) ಹೆಚ್ಚಿರುವ ಗ್ಯಾಲಕ್ಸಿಗಳ ಒಳಭಾಗದ ಮೋಡಗಳಲ್ಲಿ ಇದು ಮೂರರಲ್ಲಿ ಒಂದು ಭಾಗಕ್ಕೂ ಏರುತ್ತದೆ.

3 ನ್ಯಾನೋಮೀಟರ್ ಫಿಲ್ಟರ್ 658.4ರ ರೇಖೆಯನ್ನು ಬಹುತೇಕ ಹೊರಗಿಡುತ್ತದೆ. ಆದರೆ ಕಿಂಡಿ ಕಿರಿದು, ಆದ್ದರಿಂದ ರೇಖೆ ಸರಿದರೆ ಎಚ್-ಆಲ್ಫಾವೇ ಹೊರಗುಳಿಯುವ ಅಪಾಯ. ಎಂ33 ನಮ್ಮ ಕಡೆಗೆ ಸೆಕೆಂಡಿಗೆ ಸುಮಾರು 180 ಕಿ.ಮೀ. ವೇಗದಲ್ಲಿ ಬರುತ್ತಿರುವುದರಿಂದ ಅದರ ಎಚ್-ಆಲ್ಫಾ ಸುಮಾರು 0.4 ನ್ಯಾನೋಮೀಟರ್ ನೀಲಿಯತ್ತ ಸರಿದಿರುತ್ತದೆ. ಅದರ ಮೇಲೆ ಇನ್ನೊಂದು ಸಂಗತಿ: ಬೆಳಕು ಓರೆಯಾಗಿ ಬಿದ್ದಷ್ಟೂ ಇಂಥ ಫಿಲ್ಟರಿನ ಕಿಂಡಿಯೇ ನೀಲಿಯತ್ತ ಸರಿಯುತ್ತದೆ. ಎಫ್/4ರಲ್ಲಿ ಇದು ಅರ್ಧ ನ್ಯಾನೋಮೀಟರ್‌ಗಿಂತ ತುಸು ಹೆಚ್ಚು, ಎಫ್/2ರಲ್ಲಿ ಎರಡು-ಮೂರು ನ್ಯಾನೋಮೀಟರ್. ಎಂ33ರ ಮಟ್ಟಿಗೆ ರೇಖೆಯೂ ಕಿಂಡಿಯೂ ಒಂದೇ ಕಡೆ ಸರಿಯುವುದರಿಂದ ಎಫ್/4ರಲ್ಲಿ ಅದೃಷ್ಟ ನಮ್ಮ ಕಡೆ. ಎಫ್/2 ಟೆಲಿಸ್ಕೋಪಿಗೆ ಸಾಮಾನ್ಯ 3 ನ್ಯಾನೋಮೀಟರ್ ಫಿಲ್ಟರ್ ಹಾಕಿ ಅಳತೆ ಮಾಡಲೇಬೇಡಿ, ಅದಕ್ಕೆಂದೇ ಸರಿಸಿ ತಯಾರಿಸಿದ್ದು ಬೇಕು.

ದೂರ ಸರಿಯುತ್ತಿರುವ ಗ್ಯಾಲಕ್ಸಿಗಳಲ್ಲಿ ಆಟ ತಿರುಗುಮುರುಗು. ಸೆಕೆಂಡಿಗೆ 1,600 ಕಿ.ಮೀ. ವೇಗಕ್ಕೆ ರೇಖೆ 3.5 ನ್ಯಾನೋಮೀಟರ್ ಕೆಂಪಿನತ್ತ ಹೋಗಿ 7ರ ಕಿಂಡಿಯ ಅಂಚಿಗೆ ಬಂದು ನಿಲ್ಲುತ್ತದೆ. ಚಿತ್ರದಲ್ಲಿ ಮೋಡ ಮಂಕಾಗಿ ಕಾಣುತ್ತದೆ, ನೀವು ಅಲ್ಲಿ ತಾರೆಗಳೇ ಕಡಿಮೆ ಎಂದುಕೊಳ್ಳುತ್ತೀರಿ.

ಈ ಕೆಲಸಕ್ಕೆ ನಮ್ಮ ಆಯ್ಕೆ 7 ನ್ಯಾನೋಮೀಟರ್. ಸಾರಜನಕದ ಪಾಲನ್ನು ರೋಹಿತ ನೋಡಿ ಕಳೆಯಬಹುದು, ಆದರೆ ಕಿಂಡಿಯ ಅಂಚಿನಲ್ಲಿ ಎಷ್ಟು ಬೆಳಕು ಕಳೆದುಹೋಯಿತು ಎಂದು ಹೇಳುವುದು ಕಷ್ಟ.

ಹಂತ 3: ಚಿತ್ರ ಹಿಡಿಯುವುದು

ಎಚ್-ಆಲ್ಫಾದಲ್ಲಿ 300 ಸೆಕೆಂಡಿನ 36 ಫ್ರೇಮ್, ಒಟ್ಟು 3 ಗಂಟೆ. ಅಗಲ ಕೆಂಪಿನಲ್ಲಿ 60 ಸೆಕೆಂಡಿನ 40 ಫ್ರೇಮ್. ಸೆನ್ಸರ್ ಮೈನಸ್ 10 ಡಿಗ್ರಿಯಲ್ಲಿರಲಿ, ಮುಚ್ಚಳ ಹಾಕಿ ತೆಗೆಯುವ ಡಾರ್ಕ್ ಫ್ರೇಮ್‌ಗಳೂ ಅದೇ ಉಷ್ಣತೆಯಲ್ಲಿ, ಅದೇ ಅವಧಿಯಲ್ಲಿ ಇರಬೇಕು. ಪ್ರತಿ ಫಿಲ್ಟರಿಗೂ ಬೇರೆ ಫ್ಲ್ಯಾಟ್ (ಸಮನಾಗಿ ಬೆಳಗಿದ ಖಾಲಿ ಹಿನ್ನೆಲೆಯ ಚಿತ್ರ) ತೆಗೆಯಿರಿ. ಒಂದರ ಫ್ಲ್ಯಾಟ್ ಇನ್ನೊಂದಕ್ಕೆ ಹಾಕಿದರೆ ಧೂಳಿನ ಉಂಗುರಗಳು ಕಳೆಯುವ ಬದಲು ಇಮ್ಮಡಿಯಾಗುತ್ತವೆ.

ಮಾಪನಕ್ಕೆ ಬಳಸುವ ತಾರೆಗಳು ಸೆನ್ಸರಿನ ಮಿತಿಯ ಶೇಕಡ 70 ದಾಟಬಾರದು. ಚಂದ್ರನಿದ್ದರೂ ಎಚ್-ಆಲ್ಫಾ ಹೇಗೋ ನಡೆಯುತ್ತದೆ, ಅಗಲ ಕೆಂಪು ನಡೆಯುವುದಿಲ್ಲ. ಮಲೆನಾಡಿನ ಕಡೆ ಡಿಸೆಂಬರ್ ರಾತ್ರಿ ಹತ್ತರ ಮೇಲೆ ಇಬ್ಬನಿ ಗ್ಯಾರಂಟಿ: ಸೆಕೆಂಡರಿ ಕನ್ನಡಿಗೂ ಗೈಡ್ ಸ್ಕೋಪಿಗೂ ಡ್ಯೂ ಹೀಟರ್ ಕಟ್ಟದಿದ್ದರೆ ಕೊನೆಯ ಹತ್ತು ಫ್ರೇಮ್‌ಗಳಲ್ಲಿ ತಾರೆಗಳು ಒಂದೊಂದಾಗಿ ಮಂಕಾಗುತ್ತವೆ. ಅಂಥ ಫ್ರೇಮ್‌ಗಳನ್ನು ಸರಾಸರಿಗೆ ಸೇರಿಸದೆ ಬಿಸಾಡಿ.

ಸಿರಿಲ್‌ನಂಥ ಉಚಿತ ತಂತ್ರಾಂಶದಲ್ಲಿ ಡಾರ್ಕ್, ಫ್ಲ್ಯಾಟ್ ಕಳೆದು ಫ್ರೇಮ್‌ಗಳನ್ನು ಕೂಡಿಸಿ, 32 ಬಿಟ್ ಫಿಟ್ಸ್ ಕಡತವಾಗಿ ಉಳಿಸಿ. ಇಲ್ಲಿಗೆ ನಿಲ್ಲಿಸಿ. ಸ್ಟ್ರೆಚ್ (ಮಸುಕು ಭಾಗಗಳನ್ನು ಬೆಳಗಿಸಿ ತೋರಿಸುವುದು), ಗದ್ದಲ ತೆಗೆಯುವ ಎಐ ಉಪಕರಣ, ತಾರೆ ಅಳಿಸುವ ಉಪಕರಣ, ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಚಿತ್ರ ಚಂದವಾಗುತ್ತದೆ, ಅಳತೆ ಹಾಳಾಗುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೆ ಬೇರೆ ಪ್ರತಿ ಮಾಡಿಕೊಳ್ಳಿ.

ಹಂತ 4: ತಾರೆಗಳ ಹಿನ್ನೆಲೆ ಬೆಳಕನ್ನು ಕಳೆಯುವುದು

ಎಚ್-ಆಲ್ಫಾ ಫಿಲ್ಟರಿನ ಮೂಲಕ ಮೋಡದ ಕೆಂಪು ಮಾತ್ರವಲ್ಲ, ಎಂ33ರ ಸಾಮಾನ್ಯ ತಾರೆಗಳ ಬೆಳಕೂ ಬರುತ್ತದೆ. ಅದನ್ನು ತೆಗೆಯಲು ಅಗಲ ಕೆಂಪಿನ ಚಿತ್ರವನ್ನು ಒಂದು ಗುಣಕದಿಂದ ಗುಣಿಸಿ ಕಳೆಯಬೇಕು. ಗುಣಕ ಸಿಗುವುದು ಹೀಗೆ: ಮೋಡಗಳಿಂದ ದೂರವಿರುವ 30ರಿಂದ 50 ತಾರೆಗಳನ್ನು ಎರಡೂ ಚಿತ್ರಗಳಲ್ಲಿ ಅಳೆದು, ಅನುಪಾತಗಳ ಮಧ್ಯಾಂಕ ತೆಗೆದುಕೊಳ್ಳಿ.

ಕಳೆದ ನಂತರದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ತಾರೆಗಳಿದ್ದ ಜಾಗದಲ್ಲಿ ಕಪ್ಪು ಗುಂಡಿ ಬಿದ್ದಿದ್ದರೆ ಗುಣಕ ಜಾಸ್ತಿ. ಬಿಳಿ ಚುಕ್ಕೆ ಉಳಿದಿದ್ದರೆ ಕಡಿಮೆ. ಕಪ್ಪು ನಡು, ಬಿಳಿ ಅಂಚಿನ ವಡೆಯಾಕಾರ ಕಂಡರೆ ಗುಣಕದ ತಪ್ಪಲ್ಲ. ಒಂದು ಚಿತ್ರದಲ್ಲಿ ತಾರೆಗಳು ಇನ್ನೊಂದಕ್ಕಿಂತ ಹರಡಿವೆ ಎಂದರ್ಥ. ಚೂಪಾದ ಚಿತ್ರವನ್ನು ಗಾಸಿಯನ್ ಮಸುಕಿನಿಂದ ಇನ್ನೊಂದರ ಮಟ್ಟಕ್ಕೆ ತಂದು ಮತ್ತೆ ಕಳೆಯಿರಿ.

ಎರಡು ಸೂಕ್ಷ್ಮಗಳು. ಮುಂಭಾಗದ ತಾರೆಗಳಲ್ಲಿ ಬಹುಪಾಲು ಹಳದಿ, ಕಿತ್ತಳೆ ಬಣ್ಣದವು, ಆದರೆ ಎನ್‌ಜಿಸಿ 604ರೊಳಗಿನವು ನೀಲಿ. ಆದ್ದರಿಂದ ಆದಷ್ಟು ನೀಲಿ ತಾರೆಗಳನ್ನೇ ಆರಿಸಿ ಗುಣಕ ಕಂಡುಹಿಡಿಯುವುದು ಮೇಲು. ಇನ್ನೊಂದು, ಅಗಲ ಕೆಂಪಿನಲ್ಲೂ ಎಚ್-ಆಲ್ಫಾ ಅಡಗಿರುತ್ತದೆ. 150 ನ್ಯಾನೋಮೀಟರ್ ಅಗಲದ ಫಿಲ್ಟರ್ ಆದರೆ 7ರ ಜೊತೆ ಹೋಲಿಸಿದಾಗ ಸುಮಾರು ಶೇಕಡ 5ರಷ್ಟು ನಿಜವಾದ ಸಂಕೇತವನ್ನೂ ಕಳೆದುಬಿಟ್ಟಿರುತ್ತೀರಿ. ಕೊನೆಗೆ ಅಷ್ಟನ್ನು ಮರಳಿ ಸೇರಿಸಿ.

ಹಂತ 5: ಎಣಿಕೆಯಿಂದ ನಿಜವಾದ ಬೆಳಕಿಗೆ

ಕ್ಯಾಮೆರಾ ಕೊಡುವುದು ಬರೀ ಎಣಿಕೆ. ಅದನ್ನು ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಇಷ್ಟು ಎರ್ಗ್ (ಶಕ್ತಿಯ ಒಂದು ಚಿಕ್ಕ ಅಳತೆ) ಎಂಬುದಕ್ಕೆ ತಿರುಗಿಸಬೇಕು. ಹಿಂದೆ ಇದಕ್ಕೆ ಪ್ರಮಾಣಿತ ತಾರೆಯೊಂದನ್ನು ಅದೇ ರಾತ್ರಿ, ಅದೇ ಎತ್ತರದಲ್ಲಿ ಹಿಡಿಯಬೇಕಿತ್ತು. 2022ರ ಜೂನ್‌ನಲ್ಲಿ ಗಾಯಾ ಉಪಗ್ರಹದ ಮೂರನೇ ದತ್ತಾಂಶ ಬಿಡುಗಡೆಯಾದ ಮೇಲೆ ಕೆಲಸ ಸಲೀಸಾಗಿದೆ. ಸುಮಾರು 22 ಕೋಟಿ ಆಕಾಶಕಾಯಗಳ ಕಡಿಮೆ ವಿವರದ ರೋಹಿತಗಳು ಅದರಲ್ಲಿವೆ, ನಿಮ್ಮ ಚಿತ್ರದಲ್ಲೇ ಅಂಥ ತಾರೆಗಳು ಹಲವು ಇರುತ್ತವೆ.

ವಿಧಾನ ಹೀಗೆ. ಒಂದು ತಾರೆಯ ಗಾಯಾ ರೋಹಿತವನ್ನು ನಿಮ್ಮ ಫಿಲ್ಟರಿನ ಪಾರಕತೆಯ ವಕ್ರರೇಖೆಯಿಂದ (ಯಾವ ಅಲೆಯುದ್ದದ ಬೆಳಕನ್ನು ಎಷ್ಟು ಬಿಡುತ್ತದೆ ಎಂಬ ನಕ್ಷೆ) ಗುಣಿಸಿ ಕೂಡಿಸಿ. ಬಂದದ್ದನ್ನು ಆ ತಾರೆಯ ಎಣಿಕೆಯಿಂದ ಭಾಗಿಸಿ. ಒಂದು ಎಣಿಕೆಯ ಬೆಲೆ ಸಿಗುತ್ತದೆ. ಹತ್ತಿಪ್ಪತ್ತು ತಾರೆಗಳಿಗೆ ಮಾಡಿ ಮಧ್ಯಾಂಕ ತೆಗೆದುಕೊಳ್ಳಿ. ನಂತರ ಮೋಡದ ಎಣಿಕೆಯನ್ನು ಈ ಬೆಲೆಯಿಂದ ಗುಣಿಸಿ, ಸರಿದ ಎಚ್-ಆಲ್ಫಾ ಅಲೆಯುದ್ದದಲ್ಲಿ ಫಿಲ್ಟರಿನ ಪಾರಕತೆ ಎಷ್ಟಿದೆಯೋ ಅದರಿಂದ ಭಾಗಿಸಿ. ಈ ಕೊನೆಯ ಭಾಗಾಕಾರವನ್ನು ಮರೆಯುವವರೇ ಹೆಚ್ಚು. ತಾರೆಯ ಬೆಳಕು ಕಿಂಡಿಯ ತುಂಬ ಹರಡಿರುತ್ತದೆ, ಮೋಡದ್ದು ಒಂದೇ ಗೆರೆಯಲ್ಲಿ ನಿಂತಿರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಪ್ಪಾಗುತ್ತದೆ.

ಹಂತ 6: ಎಲ್ಲಿಯವರೆಗೆ ಮೋಡ?

ಮೋಡಕ್ಕೆ ಬೇಲಿ ಇಲ್ಲ. ಕೇಂದ್ರದಿಂದ 20, 30, 40 ಹೀಗೆ 80 ಕಲಾ ಸೆಕೆಂಡ್‌ವರೆಗೆ ವೃತ್ತಗಳನ್ನು ಎಳೆದು ಒಟ್ಟು ಬೆಳಕನ್ನು ಅಳೆಯಿರಿ. ನಕ್ಷೆ ಮೊದಲು ಏರಿ, ಬಳಿಕ ಸಮತಟ್ಟಾಗುತ್ತದೆ. ಇನ್ನೂ ದೊಡ್ಡದು ಮಾಡಿದರೆ ಅಕ್ಕಪಕ್ಕದ ಸಣ್ಣ ಮೋಡಗಳು ಸೇರಿ ಮತ್ತೆ ಏರತೊಡಗುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿ. ಅದು ಸಾಮಾನ್ಯವಾಗಿ 60 ಕಲಾ ಸೆಕೆಂಡಿನ ಸುತ್ತ.

ಹಿನ್ನೆಲೆಯನ್ನು ಎರಡು ಬಾರಿ ಅಳೆಯಿರಿ: ಒಮ್ಮೆ ಗ್ಯಾಲಕ್ಸಿಯ ಹೊರಗಿನ ಖಾಲಿ ಆಕಾಶದಿಂದ, ಒಮ್ಮೆ ಮೋಡದ ಸುತ್ತಲ ಉಂಗುರದಿಂದ. ಸುರುಳಿ ಗ್ಯಾಲಕ್ಸಿಗಳಲ್ಲಿ ಎಚ್-ಆಲ್ಫಾದ ಅರ್ಧದ ಆಸುಪಾಸು ಹೀಗೆ ತೆಳ್ಳಗೆ ಹರಡಿದ ಅನಿಲದ್ದು. ಅದರಲ್ಲೊಂದು ಪಾಲು ಈ ಮೋಡದಿಂದಲೇ ತಪ್ಪಿಸಿಕೊಂಡು ಹೋದ ಫೋಟಾನ್‌ಗಳ ಕೆಲಸ. ಉಂಗುರದಿಂದ ಕಳೆದರೆ ಅವು ಲೆಕ್ಕದಿಂದ ಬಿಟ್ಟುಹೋಗುತ್ತವೆ, ಕಳೆಯದಿದ್ದರೆ ಬೇರೆ ಮೋಡಗಳ ಪಾಲು ಸೇರುತ್ತದೆ. ಎರಡು ಉತ್ತರಗಳ ನಡುವಿನ ಅಂತರವನ್ನೇ ಅನಿಶ್ಚಿತತೆ ಎಂದು ಬರೆದಿಡಿ.

ಹಂತ 7: ರೋಹಿತ ಮತ್ತು ಧೂಳಿನ ತಿದ್ದುಪಡಿ

ಧೂಳು ಕೆಂಪಿಗಿಂತ ನೀಲಿಯನ್ನು ಹೆಚ್ಚು ತಿನ್ನುತ್ತದೆ. ಧೂಳಿಲ್ಲದ 10,000 ಕೆಲ್ವಿನ್ ಅನಿಲದಲ್ಲಿ 656.3 ನ್ಯಾನೋಮೀಟರ್‌ನ ಎಚ್-ಆಲ್ಫಾದ ಬೆಳಕು, 486.1 ನ್ಯಾನೋಮೀಟರ್‌ನ ಎಚ್-ಬೀಟಾದ (ಎಲೆಕ್ಟ್ರಾನ್ ನಾಲ್ಕನೇ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿದಾಗ ಬರುವ ಹಸಿರು-ನೀಲಿ ರೇಖೆ) 2.86 ಪಟ್ಟು ಇರಬೇಕು. ಅದಕ್ಕಿಂತ ಜಾಸ್ತಿ ಕಂಡಷ್ಟೂ ನಡುವೆ ಧೂಳು ಇದೆ. ಎರಡೂ ರೇಖೆ ಒಂದೇ ರೋಹಿತದಲ್ಲಿ ಸಿಕ್ಕರೆ ಒಳ್ಳೆಯದು. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪಿನ ರೋಹಿತದರ್ಶಕದಲ್ಲಿ ಗ್ರಿಸಮ್ 7 (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗಾಜಿನ ಭಾಗ) ಹಾಕಿದರೆ ಇವೆರಡೂ ಒಟ್ಟಿಗೆ ಬರುತ್ತವೆ. ಆ ಟೆಲಿಸ್ಕೋಪನ್ನು ನಡೆಸುವುದು ಬೆಂಗಳೂರಿನ ಬಳಿ ಹೊಸಕೋಟೆಯಲ್ಲಿ ಕುಳಿತು. ಸಂಶೋಧಕರು ಅರ್ಜಿ ಹಾಕಿ ಸಮಯ ಪಡೆಯಬಹುದು. ಉಳಿದವರು ಪ್ರಕಟವಾದ ಅನುಪಾತವನ್ನೇ ಬಳಸಿದರೆ ನಷ್ಟವಿಲ್ಲ.

ಸ್ವತಃ ರೋಹಿತ ತೆಗೆಯುವವರಿಗೆ ಒಂದು ಎಚ್ಚರಿಕೆ. ವಾತಾವರಣ ಕೆಂಪನ್ನೂ ನೀಲಿಯನ್ನೂ ಬೇರೆ ಬೇರೆ ಬಾಗಿಸುತ್ತದೆ. ರೋಹಿತದರ್ಶಕಕ್ಕೆ ಬೆಳಕು ಬಿಡುವ ಕಿರಿದಾದ ಸೀಳನ್ನು ದಿಗಂತಕ್ಕೆ ಲಂಬವಾಗಿ ನಿಲ್ಲಿಸದಿದ್ದರೆ, ಮೋಡ ಕೆಳಗಿದ್ದಾಗ, ಎಚ್-ಬೀಟಾದ ಬೆಳಕು ಸೀಳಿನ ಪಕ್ಕಕ್ಕೆ ಜಾರಿ ಇಲ್ಲದ ಧೂಳು ಕಾಣಿಸುತ್ತದೆ.

ಲೆಕ್ಕ: ಕಂಡ ಅನುಪಾತವನ್ನು 2.86ರಿಂದ ಭಾಗಿಸಿ, ಅದರ ಹತ್ತರ ಲಾಗ್ ತೆಗೆದು 2.31ರಿಂದ ಗುಣಿಸಿ. ಅದು ಕೆಂಪೇರಿಕೆ, ಅಂದರೆ ಧೂಳು ಬೆಳಕನ್ನು ಎಷ್ಟು ಕೆಂಪಾಗಿಸಿದೆ ಎಂಬುದರ ಅಳತೆ. ಅದನ್ನು 2.53ರಿಂದ ಗುಣಿಸಿದರೆ ಎಚ್-ಆಲ್ಫಾ ಎಷ್ಟು ಕಾಂತಿಮಾನ ಮಂಕಾಗಿದೆ ಎಂದು ಬರುತ್ತದೆ. ಎನ್‌ಜಿಸಿ 604ರ ಅನಿಲ 8,000 ಕೆಲ್ವಿನ್ ಆಸುಪಾಸಿನಲ್ಲಿರುವುದರಿಂದ 2.86ರ ಬದಲು 2.9 ಹಾಕಬೇಕೆಂದು ವಾದಿಸಬಹುದು. ಕೊನೆಯ ಉತ್ತರದಲ್ಲಿ ಆಗುವ ವ್ಯತ್ಯಾಸ ಶೇಕಡ 3. ಬೇರೆ ತಪ್ಪುಗಳ ಮುಂದೆ ಅದು ಏನೂ ಅಲ್ಲ.

ಅದೇ ರೋಹಿತದಿಂದ ಸಾರಜನಕದ ಪಾಲನ್ನೂ ಓದಿಕೊಳ್ಳಿ. 658.4ರ ರೇಖೆ 654.8ರ ಮೂರು ಪಟ್ಟು ಇರಲೇಬೇಕು. ಇಲ್ಲದಿದ್ದರೆ ರೇಖೆಗಳನ್ನು ಬಿಡಿಸಿದ ರೀತಿಯಲ್ಲೇ ಎಡವಟ್ಟಾಗಿದೆ. ಗಂಧಕದ 671.6 ಮತ್ತು 673.1 ರೇಖೆಗಳ ಮೊತ್ತ ಎಚ್-ಆಲ್ಫಾದ 0.4 ಭಾಗ ದಾಟಿದರೆ ನೀವು ನೋಡುತ್ತಿರುವುದು ಬಿಸಿ ತಾರೆ ಬೆಳಗಿಸಿದ ಮೋಡವೇ ಅಲ್ಲದಿರಬಹುದು. ಸೂಪರ್‌ನೋವಾದ ಅವಶೇಷ ಎಂದು ಅನುಮಾನಿಸಿ.

ಹಂತ 8: ಒಂದು ಪೂರ್ತಿ ಲೆಕ್ಕ

ಅಭ್ಯಾಸಕ್ಕೆ ದುಂಡು ಸಂಖ್ಯೆಗಳನ್ನೇ ತೆಗೆದುಕೊಳ್ಳೋಣ. ವೃತ್ತದೊಳಗೆ ಫಿಲ್ಟರ್ ಹಿಡಿದ ಒಟ್ಟು ಬೆಳಕು ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 4.0 × 10⁻¹¹ ಎರ್ಗ್ ಇರಲಿ.

ಸಾರಜನಕದ ಶೇಕಡ 10 ಕಳೆದರೆ 3.6 × 10⁻¹¹.

ಎಚ್-ಆಲ್ಫಾ, ಎಚ್-ಬೀಟಾ ಅನುಪಾತ 3.3 ಎಂದಿರಲಿ. 3.3 ÷ 2.86ರ ಲಾಗ್ 0.062. ಕೆಂಪೇರಿಕೆ 0.143, ಮಂಕು 0.36 ಕಾಂತಿಮಾನ, ಅಂದರೆ 1.4 ಪಟ್ಟು. ತಿದ್ದಿದ ಬೆಳಕು 5.0 × 10⁻¹¹.

ದೂರ 840 ಕಿಲೋಪಾರ್ಸೆಕ್ (ಒಂದು ಪಾರ್ಸೆಕ್ 3.26 ಜ್ಯೋತಿರ್ವರ್ಷ, ಕಿಲೋಪಾರ್ಸೆಕ್ ಅದರ ಸಾವಿರ ಪಟ್ಟು), ಅಂದರೆ 2.59 × 10²⁴ ಸೆಂಟಿಮೀಟರ್. ಅಷ್ಟು ತ್ರಿಜ್ಯದ ಗೋಳದ ಮೇಲ್ಮೈ 8.4 × 10⁴⁹ ಚದರ ಸೆಂಟಿಮೀಟರ್. ಗುಣಿಸಿದರೆ ಎಚ್-ಆಲ್ಫಾ ಶಕ್ತಿ ಸೆಕೆಂಡಿಗೆ 4.2 × 10³⁹ ಎರ್ಗ್. ಒಂದು ಕ್ಷಣ ಇಲ್ಲಿ ನಿಲ್ಲಿ: ಒಂದೇ ಒಂದು ಕೆಂಪು ರೇಖೆಯಲ್ಲಿ ಇದು 11 ಲಕ್ಷ ಸೂರ್ಯರ ಒಟ್ಟು ಬೆಳಕಿಗೆ ಸಮ.

ಇದನ್ನು 7.31 × 10¹¹ರಿಂದ (ಒಂದು ಎಚ್-ಆಲ್ಫಾ ಫೋಟಾನಿನ ಶಕ್ತಿ ಮತ್ತು ಮೇಲೆ ಹೇಳಿದ 100ಕ್ಕೆ 45ರ ಅನುಪಾತ ಸೇರಿದ ಗುಣಕ) ಗುಣಿಸಿದರೆ ಸೆಕೆಂಡಿಗೆ ಅಯಾನೀಕರಿಸುವ ಫೋಟಾನ್‌ಗಳ ಸಂಖ್ಯೆ: 3.1 × 10⁵¹.

ದೂರದ ಬಗ್ಗೆ ಒಂದು ಮಾತು. ಎಂ33ಕ್ಕೆ ಬೇರೆ ಬೇರೆ ವಿಧಾನಗಳು ಬೇರೆ ಬೇರೆ ದೂರ ಕೊಟ್ಟಿವೆ. 840ರ ಬದಲು 960 ಹಾಕಿದರೆ ಉತ್ತರ ಶೇಕಡ 30 ಏರುತ್ತದೆ. ಯಾವುದನ್ನು ಬಳಸಿದಿರಿ ಎಂದು ಬರೆಯದೆ ತಾರೆಗಳ ಸಂಖ್ಯೆ ಹೇಳಿದರೆ ಯಾರಿಗೂ ಉಪಯೋಗವಿಲ್ಲ.

ಹಂತ 9: ಫೋಟಾನ್‌ನಿಂದ ತಾರೆಗೆ

ಎಡವಟ್ಟು ಹೆಚ್ಚಾಗಿ ನಡೆಯುವುದು ಇಲ್ಲಿ. ರೂಢಿಯ ಅಳತೆಗೋಲು ಓ7 ವರ್ಗದ ಒಂದು ಮುಖ್ಯ ಶ್ರೇಣಿಯ (ನಡುವಿನಲ್ಲಿ ಹೈಡ್ರೋಜನ್ ಉರಿಸುತ್ತಿರುವ) ತಾರೆ. ಹಳೆಯ ಪಟ್ಟಿಗಳು ಅದಕ್ಕೆ ಸೆಕೆಂಡಿಗೆ 10⁴⁹ ಫೋಟಾನ್ ಕೊಡುತ್ತಿದ್ದವು. ತಾರೆಯ ಗಾಳಿಯನ್ನೂ (ಅದರಿಂದ ಹೊರಚಿಮ್ಮುವ ಅನಿಲ) ಲೋಹಗಳ ಹೀರಿಕೆಯನ್ನೂ ಸೇರಿಸಿದ ಹೊಸ ಮಾದರಿಗಳು ಅದರ ಅರ್ಧಕ್ಕೆ ಇಳಿಸಿವೆ. ಹಾಗಾಗಿ ನಮ್ಮ 3.1 × 10⁵¹, ಹಳೆಯ ಪಟ್ಟಿಯಲ್ಲಿ 310 ಓ7 ತಾರೆ, ಹೊಸದರಲ್ಲಿ 620. ಮೋಡ ಬದಲಾಗಿಲ್ಲ, ಪಟ್ಟಿ ಬದಲಾಗಿದೆ.

ಇದನ್ನು "ಒಳಗೆ 620 ತಾರೆಗಳಿವೆ" ಎಂದು ಓದಬೇಡಿ. ಇದು ಅಶ್ವಶಕ್ತಿಯಂಥ ಅಳತೆ. ಹತ್ತು ಅಶ್ವಶಕ್ತಿಯ ಪಂಪ್‌ಸೆಟ್ಟಿನೊಳಗೆ ಯಾರೂ ಕುದುರೆ ಹುಡುಕುವುದಿಲ್ಲ. ಒಂದು ಓ3 ತಾರೆ ಸೆಕೆಂಡಿಗೆ ಸುಮಾರು 4 × 10⁴⁹ ಫೋಟಾನ್ ಚೆಲ್ಲುತ್ತದೆ, ಅಂದರೆ ಒಂದೇ ಎಂಟು ಓ7ಗಳ ಕೆಲಸ ಮಾಡುತ್ತದೆ. ಓ9ರ ಕೆಳಗೆ ಬಂದರೆ ಕೊಡುಗೆ ಥಟ್ಟನೆ ಕುಸಿಯುತ್ತದೆ. ಹಬಲ್ ಚಿತ್ರಗಳಲ್ಲಿ ಎಣಿಸಿದ ಇನ್ನೂರು ಚಿಲ್ಲರೆ ತಾರೆಗಳಲ್ಲಿ ಬೆರಳೆಣಿಕೆಯ ಅತಿ ಬಿಸಿ ಓ ತಾರೆಗಳೂ ವುಲ್ಫ್-ರಾಯೆ ತಾರೆಗಳೂ (ಹೊರಪದರವನ್ನು ಗಾಳಿಯಾಗಿ ಕಳೆದುಕೊಂಡ ಬಿಸಿ ದೈತ್ಯರು) ಫೋಟಾನ್‌ಗಳ ದೊಡ್ಡ ಪಾಲನ್ನು ಹೊರುತ್ತವೆ.

ವುಲ್ಫ್-ರಾಯೆ ತಾರೆಗಳಿವೆಯೇ ಎಂದು ರೋಹಿತದಲ್ಲೇ ನೋಡಬಹುದು: 468.6 ನ್ಯಾನೋಮೀಟರ್ ಸುತ್ತ ಅಗಲವಾದ ಉಬ್ಬು. ಅದು ಕಂಡರೆ ತಾರೆಗುಂಪಿನ ವಯಸ್ಸು ಸುಮಾರು 30ರಿಂದ 50 ಲಕ್ಷ ವರ್ಷ. ಎನ್‌ಜಿಸಿ 604 ಈ ವ್ಯಾಪ್ತಿಯ ಕೆಳಗಿನ ತುದಿಯಲ್ಲಿದೆ. ಉಬ್ಬಿನ ಬದಲು ಅಲ್ಲಿ ಕಿರಿದಾದ ರೇಖೆ ಕಂಡರೆ ಅದು ಮೋಡದ್ದೇ, 54.4 ಎಲೆಕ್ಟ್ರಾನ್ ವೋಲ್ಟ್ ಮೀರಿದ ಫೋಟಾನ್ ಎಲ್ಲಿಂದಲೋ ಬರುತ್ತಿದೆ ಎಂದರ್ಥ. ಸಾಮಾನ್ಯ ಓ ತಾರೆಗಳಿಂದ ಅಷ್ಟು ಕಷ್ಟ.

ಹಂತ 10: ಲೆಕ್ಕ ತಾಳೆಯಾಗದಿದ್ದರೆ

ಹಬಲ್‌ನಲ್ಲಿ ಎಣಿಸಿದ ತಾರೆಗಳ ಫೋಟಾನ್ ಮೊತ್ತಕ್ಕಿಂತ ನಿಮ್ಮದು ಕಡಿಮೆ ಬಂದರೆ, ಒಂದು ಪಾಲು ಮೋಡದ ತೂತುಗಳಿಂದ ಹೊರಗೆ ಹರಿದಿದೆ ಅಥವಾ ಹೈಡ್ರೋಜನ್‌ಗೆ ಮೊದಲೇ ಧೂಳು ನುಂಗಿದೆ. ಎಚ್-ಆಲ್ಫಾ, ಎಚ್-ಬೀಟಾ ಅನುಪಾತ ಈ ಎರಡನೆಯ ಧೂಳನ್ನು ತಿದ್ದುವುದಿಲ್ಲ. ಅದು ತಿದ್ದುವುದು ಹುಟ್ಟಿದ ಕೆಂಪು ಬೆಳಕಿಗೆ ದಾರಿಯಲ್ಲಾದ ನಷ್ಟವನ್ನು ಮಾತ್ರ. ಬರಿಗಾಲಲ್ಲಿ ಒಳಗೆ ಹೋದವರು ಇವರು.

ಹೆಚ್ಚು ಬಂದರೆ ಧೂಳಿನೊಳಗೆ ಹುದುಗಿದ ತಾರೆಗಳನ್ನು ಎಣಿಕೆ ಬಿಟ್ಟಿರಬಹುದು. 2024ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಜೇಮ್ಸ್ ವೆಬ್‌ನ ಎನ್‌ಜಿಸಿ 604 ಚಿತ್ರಗಳನ್ನು ಹಬಲ್‌ನದರ ಪಕ್ಕದಲ್ಲಿಟ್ಟು ನೋಡಿ. ತಾರೆಗಳ ಗಾಳಿ ಕೊರೆದ ಗುಳ್ಳೆಗಳೂ ಅವುಗಳ ಅಂಚಿನ ಧೂಳಿನ ಎಳೆಗಳೂ ಅಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

ಗುಳ್ಳೆಗಳು ನಿಜವೇ ಎಂದು ನಿಮ್ಮ ಅಳತೆಯಿಂದಲೇ ಪರೀಕ್ಷಿಸಬಹುದು. ಮೋಡವನ್ನು 230 ಪಾರ್ಸೆಕ್ ತ್ರಿಜ್ಯದ ಗೋಳ ಎಂದುಕೊಂಡು 3.1 × 10⁵¹ ಫೋಟಾನ್‌ಗಳನ್ನು ಸಮನಾಗಿ ಹರಡಿದರೆ, ಘನ ಸೆಂಟಿಮೀಟರಿಗೆ ಸುಮಾರು 3 ಎಲೆಕ್ಟ್ರಾನ್ ಸಾಕು. ಗಂಧಕದ ಎರಡು ರೇಖೆಗಳ ಅನುಪಾತವೋ ಹಲವು ಪಟ್ಟು ದಟ್ಟ ಅನಿಲವನ್ನು ಸೂಚಿಸುತ್ತದೆ, 50 ಎಂದುಕೊಳ್ಳಿ. ಹೊಳಪು ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುವುದರಿಂದ 3 ಮತ್ತು 50ರ ಅನುಪಾತದ ವರ್ಗ ತೆಗೆದುಕೊಳ್ಳಬೇಕು: ಸಾವಿರಕ್ಕೆ ಮೂರರಿಂದ ನಾಲ್ಕು. ಅಂದರೆ ಹೊಳೆಯುವ ಅನಿಲ ತುಂಬಿರುವುದು ಗೋಳದ ಅಷ್ಟೇ ಭಾಗದಲ್ಲಿ, ಉಳಿದದ್ದು ಹೆಚ್ಚೂಕಡಿಮೆ ಟೊಳ್ಳು. ಗಂಧಕದ ಅನುಪಾತ 1.4ರ ಮೇಲಿದ್ದರೆ ಮಾತ್ರ ಹುಷಾರು: ಅಲ್ಲಿ ಅದು ಸಾಂದ್ರತೆಯನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ.

ಮುಂದಿನ ಗುರಿಗಳು

ದೊಡ್ಡ ಮೆಗೆಲ್ಲಾನಿಕ್ ಮೋಡದ ಟ್ಯಾರಂಟುಲಾ ನೀಹಾರಿಕೆ ಇನ್ನೂ ಬಲಿಷ್ಠ, ಹತ್ತಿರ ಬೇರೆ. ಆದರೆ ಬೆಂಗಳೂರಿನಿಂದ ಅದು ದಕ್ಷಿಣ ದಿಗಂತದ ಮೇಲೆ 8 ಡಿಗ್ರಿಯಷ್ಟೇ ಏಳುತ್ತದೆ. ನೋಡಲು ಸರಿ, ಅಳೆಯಲು ಬೇಡ. ಎಂ101ರ ಎನ್‌ಜಿಸಿ 5461 ಮತ್ತು 5471 ಬೇಸಿಗೆಗೆ ಒಳ್ಳೆಯವು. ಅಲ್ಲಿ ರೇಖೆ ಅರ್ಧ ನ್ಯಾನೋಮೀಟರ್ ಕೆಂಪಿನತ್ತ ಸರಿದಿರುವುದನ್ನು ನೆನಪಿಡಿ.

ಅವೆಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಈಗಾಗಲೇ ನಿಮ್ಮ ಚಿತ್ರದಲ್ಲಿದೆ. ಎನ್‌ಜಿಸಿ 604ರಿಂದ ಸುಮಾರು 14 ಕಲಾ ನಿಮಿಷ ನೈಋತ್ಯಕ್ಕೆ ಎನ್‌ಜಿಸಿ 595 ಇದೆ, ಎಂ33ರ ಎರಡನೇ ಅತಿ ಪ್ರಕಾಶದ ಮೋಡ. ಎರಡನ್ನೂ ಒಂದೇ ಚಿತ್ರದಲ್ಲಿ, ಒಂದೇ ಗುಣಕದಲ್ಲಿ ಅಳೆದು ಅನುಪಾತ ತೆಗೆಯಿರಿ. ದೂರದ ಜಗಳ, ಎಣಿಕೆಯ ಬೆಲೆಯ ತಪ್ಪು, ಹಳೆ-ಹೊಸ ಪಟ್ಟಿಯ ಗೊಂದಲ ಮೂರೂ ಭಾಗಾಕಾರದಲ್ಲಿ ಹೊಡೆದುಹೋಗುತ್ತವೆ. ಉಳಿಯುವುದು ಧೂಳು ಮತ್ತು ಸಾರಜನಕ, ಅವುಗಳನ್ನು ಮಾತ್ರ ಎರಡಕ್ಕೂ ಬೇರೆ ಬೇರೆ ತಿದ್ದಬೇಕು.